ಕಾಯಿಲೆಯ ಹಿಂದಿನ ಮನೆಯನ್ನು ಕಂಡ ವೈದ್ಯೆ: ಡಾ. ಅನುಪಮಾ ನಿರಂಜನರ ನೆನಪಿನಲ್ಲಿ

(ವರ್ತೂರಿನಲ್ಲಿ ಮಹಿಳಾ ಗುಂಪುಗಳ ಸದಸ್ಯೆಯರು ಹಾಗೂ ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಈ ಸಭೆ ಕರೆದವರು ನನಗೆ ಕೊಟ್ಟಿರುವ ವಿಷಯ ‘ಮಹಿಳೆ ಮತ್ತು ಆರೋಗ್ಯ’. ನಾನು ವೈದ್ಯೆಯೂ ಅಲ್ಲ, ವಕೀಲೆಯೂ ಅಲ್ಲ. ಕಾಲೇಜಿನಲ್ಲಿ ಹುಡುಗಿಯರಿಗೆ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಹಾಗಾಗಿ ಔಷಧಿಯ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಔಷಧಿ ಕೊಡುವುದನ್ನೂ ಕನ್ನಡದಲ್ಲಿ ಬರೆಯುವುದನ್ನೂ ಒಂದೇ ಕೆಲಸವೆಂದು ತಿಳಿದು ಬದುಕಿದ ಒಬ್ಬ ವೈದ್ಯೆಯ ಬಗ್ಗೆ ಮಾತಾಡಬಲ್ಲೆ. ಅವರು ಡಾ. ಅನುಪಮಾ ನಿರಂಜನ. ಅವರು ತೀರಿಕೊಂಡು ಮೂರು ದಶಕಗಳ ಮೇಲಾಯಿತು. ಇಲ್ಲಿ ಕೂತಿರುವ ಚಿಕ್ಕ ವಯಸ್ಸಿನವರಲ್ಲಿ ಹಲವರು ಅವರ ಹೆಸರನ್ನೂ ಕೇಳಿರಲಾರಿರಿ. ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಅವರಿಗೆ ಗೊತ್ತಿರುತ್ತದೆ.

ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ವಿರುದ್ಧ ಕೆಲಸ ಮಾಡುವ ನಾವು ಒಬ್ಬ ವೈದ್ಯೆಯನ್ನು ಏಕೆ ನೆನೆಯಬೇಕು? ಏಟು ತಿಂದ ಹೆಣ್ಣು ಪೊಲೀಸ್ ಠಾಣೆಗೆ ಹೋಗುವ ಮೊದಲು, ವಕೀಲರ ಹತ್ತಿರ ಹೋಗುವ ಮೊದಲು, ನಮ್ಮಂಥ ಸಂಘಟನೆಗಳ ಬಾಗಿಲಿಗೆ ಬರುವ ಎಷ್ಟೋ ಮೊದಲು ಡಾಕ್ಟರ ಬಳಿಗೆ ಹೋಗಿರುತ್ತಾಳೆ. ಒಂದು ಸಲವಲ್ಲ, ಹತ್ತಾರು ಸಲ. ತಲೆನೋವೆಂದು, ನಿದ್ದೆ ಬರುವುದಿಲ್ಲವೆಂದು, ಬಚ್ಚಲಲ್ಲಿ ಜಾರಿ ಬಿದ್ದೆನೆಂದು. ಆ ಹತ್ತು ಸಲದಲ್ಲಿ ಒಂದು ಸಲವಾದರೂ ಯಾರಾದರೂ ಅವಳನ್ನು ಸರಿಯಾಗಿ ಕೇಳಿದ್ದರೆ ಎಷ್ಟೋ ಸಾವುಗಳು ತಪ್ಪುತ್ತಿದ್ದವು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೆ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಅವರ ಬದುಕಿನ ಒಂದೆರಡು ಸಂಗತಿ. ಅನುಪಮಾ ಹುಟ್ಟಿದ್ದು 1934ರ ಮೇ 17ರಂದು, ತೀರ್ಥಹಳ್ಳಿಯಲ್ಲಿ. ಹೆತ್ತವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಓದಿದರು. ಹೆಣ್ಣುಮಕ್ಕಳು ಎಸ್‌.ಎಸ್‌.ಎಲ್‌.ಸಿ. ಮುಗಿಸಿದರೇ ದೊಡ್ಡದೆನ್ನುತ್ತಿದ್ದ ಕಾಲ ಅದು. 1956ರಲ್ಲಿ ‘ಚಿರಸ್ಮರಣೆ’ ಬರೆದ ಕಾದಂಬರಿಕಾರ ನಿರಂಜನರನ್ನು ಮದುವೆಯಾದರು. ಧಾರವಾಡದಲ್ಲೂ ಬೆಂಗಳೂರಿನಲ್ಲೂ ವೈದ್ಯವೃತ್ತಿ ಮಾಡಿದರು. ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ಇದರ ನಡುವೆ ಕಾದಂಬರಿ, ಕಥೆ, ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯ ಸಂಪುಟಗಳು, ಆರೋಗ್ಯದ ಪುಸ್ತಕಗಳು ಎಲ್ಲವನ್ನೂ ಬರೆದರು. ಅವರ ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ಸಿನಿಮಾ ಮಾಡಿದರು. ಕೊನೆಗೆ ಕ್ಯಾನ್ಸರ್ ಅವರನ್ನೇ ಹಿಡಿಯಿತು. 1991ರ ಫೆಬ್ರವರಿ 15ರಂದು, ಇನ್ನೂ 56ರ ವಯಸ್ಸಿನಲ್ಲಿ ತೀರಿಕೊಂಡರು.

ಕಾದಂಬರಿಗಾರ್ತಿಯಾಗಿ ಅವರನ್ನು ವಿಮರ್ಶಕರು ಬೇರೆ ಬೇರೆ ರೀತಿಯಲ್ಲಿ ತೂಗಿದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಅವರ ಆರೋಗ್ಯದ ಪುಸ್ತಕಗಳನ್ನು ನೋಡೋಣ. ‘ತಾಯಿ-ಮಗು’, ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’. ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ. ಮೈನೆರೆಯುವ ಹುಡುಗಿ, ಮದುವೆಯಾಗುವ ಹುಡುಗಿ, ಹೆಂಡತಿ, ಬಸುರಿ, ಬಾಣಂತಿ. ಹೆಣ್ಣಿನ ಬದುಕಿನ ಒಂದೊಂದು ಘಟ್ಟದಲ್ಲೂ ಒಬ್ಬ ವೈದ್ಯೆ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಈ ಪುಸ್ತಕಗಳಿವೆ. ಮನೆವೈದ್ಯರು ಎನ್ನುತ್ತೇವಲ್ಲ, ಆ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ತಿಳಿಯದು.

ಕನ್ನಡದಲ್ಲಿ ವೈದ್ಯರು ಬರೆಯುವುದು ಅವರಿಂದಲೇ ಶುರುವಾಯಿತೆಂದು ನಾನು ಹೇಳುತ್ತಿಲ್ಲ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರಂಥವರು ಮೊದಲೇ ಇದ್ದರು. ಆದರೆ ಹೆಣ್ಣಿನ ಮೈಯ ವಿಚಾರವನ್ನು ಹೆಣ್ಣೊಬ್ಬಳು ಹೆಣ್ಣುಮಕ್ಕಳಿಗಾಗಿ ನೇರ ಕನ್ನಡದಲ್ಲಿ, ನಾಚಿಕೆಯಿಲ್ಲದೆ, ಅಶ್ಲೀಲವೂ ಆಗದೆ, ಇಷ್ಟು ದೊಡ್ಡ ಪ್ರಮಾಣದಲ್ಲಿ ಬರೆದದ್ದು ದೊಡ್ಡ ಸಂಗತಿ. ನಾನು ಕಾಲೇಜಿನಲ್ಲಿ ಓದುತ್ತಿದ್ದ ಎಪ್ಪತ್ತರ ದಶಕದ ಕೊನೆಯಲ್ಲಿ ಇವರ ಪುಸ್ತಕಗಳು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು, ಮೇಲೆ ಹಳೆಯ ಪೇಪರಿನ ರಟ್ಟು. ಮುಟ್ಟು ಎಂಬ ಮಾತನ್ನು ‘ಹೊರಗೆ ಕೂತಿದ್ದಾಳೆ’ ಎಂದಲ್ಲದೆ ಬೇರೆ ರೀತಿ ಕೇಳಿಯೇ ಇರದ ಹುಡುಗಿಯರು ನಾವು. ಗರ್ಭಕೋಶ ಎಲ್ಲಿದೆ, ಮುಟ್ಟು ಏಕೆ ಆಗುತ್ತದೆ ಎಂಬುದನ್ನು ನಮ್ಮಲ್ಲಿ ಹಲವರು ತಿಳಿದದ್ದು ಆ ಪುಟಗಳಿಂದ. ಮುಂದೆ ನಾನೇ ಪಾಠ ಹೇಳತೊಡಗಿದ ಮೇಲೂ ಲೈಬ್ರರಿಯಲ್ಲಿ ಹೆಚ್ಚು ಸವೆದಿದ್ದ ಪುಸ್ತಕಗಳಲ್ಲಿ ಅವೂ ಇದ್ದವು.

ಇದಕ್ಕೂ ಹಿಂಸೆಗೂ ಏನು ಸಂಬಂಧ ಎನ್ನುತ್ತೀರಾ? ಸಂಬಂಧವಿದೆ. ನಮ್ಮ ಮನೆಗಳಲ್ಲಿ ಹೆಣ್ಣನ್ನು ಹಿಂಸಿಸಲು ಕೊಡುವ ಕಾರಣಗಳಲ್ಲಿ ಎಷ್ಟೋ ಕಾರಣಗಳು ವೈದ್ಯಕೀಯವಾಗಿ ಶುದ್ಧ ಸುಳ್ಳು. ಒಂದೊಂದಾಗಿ ನೋಡಿ.

ಮೊದಲನೆಯದು, ಹೆಣ್ಣು ಹೆತ್ತಳು ಎಂಬ ಅಪವಾದ. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ವರ್ಣತಂತುವೇ ಇರುತ್ತದೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಇದು ಹೈಸ್ಕೂಲಿನ ವಿಜ್ಞಾನದ ಪಾಠ. ಆದರೂ ಮೂರನೆಯದೂ ಹೆಣ್ಣಾಯಿತೆಂದು ತವರಿಗೆ ಅಟ್ಟಿಸಿಕೊಂಡವರು, ಎರಡನೆಯ ಮದುವೆಯ ಬೆದರಿಕೆ ಕೇಳಿದವರು ಈ ಸಭೆಯಲ್ಲೇ ಇದ್ದರೆ ನನಗೆ ಆಶ್ಚರ್ಯವಿಲ್ಲ. ಭ್ರೂಣದ ಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಕಾನೂನೇ ಬರಬೇಕಾಯಿತು.

ಎರಡನೆಯದು, ಬಂಜೆ ಎಂಬ ಬೈಗುಳ. ಮಕ್ಕಳಾಗದಿರುವುದಕ್ಕೆ ಕಾರಣ ಗಂಡಸಿನಲ್ಲೂ ಇರಬಹುದು, ಹೆಂಗಸಿನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು. ಪರೀಕ್ಷೆ ಇಬ್ಬರಿಗೂ ಆಗಬೇಕು. ಆದರೆ ಹರಕೆ ಹೊರುವವಳು ಅವಳು, ಉಪವಾಸ ಇರುವವಳು ಅವಳು, ದುಬಾರಿ ಪರೀಕ್ಷೆಗಳಿಗೆಲ್ಲ ಮೈಯೊಡ್ಡುವವಳು ಅವಳು. ಗಂಡನ ವೀರ್ಯದ ಪರೀಕ್ಷೆ ಎಲ್ಲಕ್ಕಿಂತ ಸುಲಭದ್ದು. ಅದು ಮಾತ್ರ ಎಷ್ಟೋ ಮನೆಗಳಲ್ಲಿ ಕೊನೆಗೆ ಬರುತ್ತದೆ, ಕೆಲವು ಮನೆಗಳಲ್ಲಿ ಬರುವುದೇ ಇಲ್ಲ.

ಮೂರನೆಯದು, ಅವಳಿಗೆ ಮೈಮೇಲೆ ಬರುತ್ತದೆ, ಅವಳಿಗೆ ಹುಚ್ಚು, ಮದುವೆಗೆ ಮೊದಲೇ ಇತ್ತು, ಮುಚ್ಚಿಟ್ಟು ಮದುವೆ ಮಾಡಿದರು ಎಂಬ ಮಾತು. ಮೂರ್ಛೆರೋಗ ಮಿದುಳಿಗೆ ಸಂಬಂಧಿಸಿದ ಕಾಯಿಲೆ, ಔಷಧಿಯಿಂದ ಬಹುಪಾಲು ಹತೋಟಿಗೆ ಬರುತ್ತದೆ. ಖಿನ್ನತೆಯೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆಯಿದೆ. ದಿನವೂ ಹೊಡೆತ, ಬೈಗುಳ ತಿನ್ನುವ ಹೆಂಗಸಿಗೆ ನಿದ್ದೆ ಹೋಗುವುದು, ಕೈಕಾಲು ನಡುಗುವುದು, ಅಳು ಬರುವುದು ಸಹಜ. ಮೊದಲು ಆ ಸ್ಥಿತಿಗೆ ತಂದು, ಆಮೇಲೆ ಅದನ್ನೇ ಅವಳ ಮೇಲಿನ ಆರೋಪವಾಗಿ ತಿರುಗಿಸುತ್ತಾರೆ.

ನಾಲ್ಕನೆಯದು, ಹೆಣ್ಣು ಎಂದ ಮೇಲೆ ನೋವು ಸಹಿಸಬೇಕು ಎಂಬ ಉಪದೇಶ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವವಳಿಗೆ ರಕ್ತಹೀನತೆ ಬರದೆ ಇನ್ನೇನು ಬರುತ್ತದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹೊಡೆತ ಕಾಣುತ್ತದೆ. ಊಟ ಕಡಿಮೆ ಹಾಕುವ ಹಿಂಸೆ ಕಣ್ಣಿಗೆ ಕಾಣುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ.

ಈ ನಾಲ್ಕು ಸುಳ್ಳುಗಳನ್ನು ಒಡೆಯಲು ಭಾಷಣ ಸಾಲದು, ತಿಳಿವಳಿಕೆ ಬೇಕು. ಆ ತಿಳಿವಳಿಕೆ ಅವಳಿಗೆ ಅರ್ಥವಾಗುವ ಭಾಷೆಯಲ್ಲಿ, ಅವಳ ಕೈಗೆಟಕುವ ಬೆಲೆಯಲ್ಲಿ, ಗಂಡನನ್ನೋ ಅತ್ತೆಯನ್ನೋ ದಾಟದೆ ನೇರವಾಗಿ ಅವಳಿಗೇ ಸಿಗಬೇಕು. ಅನುಪಮಾ ಅವರ ಪುಸ್ತಕಗಳು ಮಾಡಿದ್ದು ಅದನ್ನೇ. ದವಾಖಾನೆಯಲ್ಲಿ ಹೆಂಡತಿಯ ಬದಲು ಗಂಡ ಉತ್ತರ ಹೇಳುತ್ತಾನೆ, ಸೊಸೆಯ ಬದಲು ಅತ್ತೆ ಹೇಳುತ್ತಾಳೆ. ಪುಸ್ತಕ ಓದುವಾಗ ಅವಳು ಒಬ್ಬಳೇ ಇರುತ್ತಾಳೆ.

ಇಲ್ಲಿ ಒಂದು ಆಕ್ಷೇಪವಿದೆ, ಅದನ್ನೂ ಹೇಳಿಬಿಡಬೇಕು. ಮಹಿಳಾ ಚಳವಳಿ ಬೆಳೆದ ಎಂಬತ್ತರ ದಶಕದಲ್ಲಿ ನಮ್ಮಲ್ಲೇ ಕೆಲವರು ಕೇಳುತ್ತಿದ್ದರು: ವಧುವಿಗೆ ಮಾತ್ರ ಕಿವಿಮಾತು ಏಕೆ? ವರನಿಗೆ ಏಕಿಲ್ಲ? ಹೊಂದಿಕೊಂಡು ಹೋಗಬೇಕಾದವಳು ಹೆಣ್ಣೇ ಎಂಬ ಹಳೆಯ ಮಾತಿಗೆ ಇಂಥ ಹೆಸರು ಒತ್ತಾಸೆ ಕೊಡುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನನಗೆ ಇನ್ನೊಂದು ವಿಷಯವೂ ಮುಖ್ಯವೆನಿಸುತ್ತದೆ. ಆ ಹೆಸರಿನ ಪುಸ್ತಕವನ್ನು ಮದುವೆಯಲ್ಲಿ ಉಡುಗೊರೆಯಾಗಿ ಕೊಡಬಹುದಿತ್ತು, ಯಾವ ಹಿರಿಯರೂ ಬೇಡವೆನ್ನುತ್ತಿರಲಿಲ್ಲ. ಬೆಳ್ಳಿ ಲೋಟ, ಸ್ಟೀಲ್ ಪಾತ್ರೆಗಳ ನಡುವೆ ಕೂತು ಅದು ಗಂಡನ ಮನೆಯ ಒಳಕೋಣೆಯವರೆಗೂ ಹೋಗುತ್ತಿತ್ತು. ನಮ್ಮ ಕರಪತ್ರಗಳು ಅಲ್ಲಿಗೆ ಹೋಗಲು ಬಹಳ ಕಾಲ ಹಿಡಿಯಿತು.

ಅವರು ಬರೀ ಹೊಂದಾಣಿಕೆಯ ಲೇಖಕಿ ಆಗಿರಲಿಲ್ಲ ಎಂಬುದಕ್ಕೆ ‘ಮಾಧವಿ’ ಕಾದಂಬರಿ ಇದೆ. ಮಾಧವಿಯ ಕಥೆ ಮಹಾಭಾರತದ ಉದ್ಯೋಗಪರ್ವದ್ದು. ವಿಶ್ವಾಮಿತ್ರ ತನ್ನ ಶಿಷ್ಯ ಗಾಲವನಿಂದ ಗುರುದಕ್ಷಿಣೆಯಾಗಿ ಒಂದು ಕಿವಿ ಕಪ್ಪಾದ 800 ಬಿಳಿ ಕುದುರೆಗಳನ್ನು ಕೇಳುತ್ತಾನೆ. ಗಾಲವ ಯಯಾತಿಯ ಬಳಿ ಹೋದರೆ, ಕುದುರೆಗಳಿಲ್ಲದ ಯಯಾತಿ ಮಗಳು ಮಾಧವಿಯನ್ನೇ ಕೊಟ್ಟು ಕಳಿಸುತ್ತಾನೆ. ಮೂವರು ರಾಜರು ಅವಳಿಂದ ಒಬ್ಬೊಬ್ಬ ಮಗನನ್ನು ಪಡೆದು ತಲಾ 200 ಕುದುರೆ ಕೊಡುತ್ತಾರೆ. ಉಳಿದ 200ರ ಬದಲಿಗೆ ವಿಶ್ವಾಮಿತ್ರನೇ ಅವಳನ್ನು ಇಟ್ಟುಕೊಂಡು ಮಗನನ್ನು ಪಡೆಯುತ್ತಾನೆ. ತಂದೆಗೆ ದಾನಿಯೆಂಬ ಕೀರ್ತಿ, ಗಾಲವನಿಗೆ ಋಣಮುಕ್ತಿ, ರಾಜರಿಗೆ ಗಂಡುಮಕ್ಕಳು. ಮಾಧವಿಗೆ ನಾಲ್ಕು ಹೆರಿಗೆ, ಕೈಯಲ್ಲಿ ಒಂದು ಮಗುವೂ ಇಲ್ಲ. ಕೊನೆಗೆ ತಂದೆ ಸ್ವಯಂವರ ಏರ್ಪಡಿಸಿದಾಗ ಅವಳು ರಾಜರನ್ನೆಲ್ಲ ಬಿಟ್ಟು ಕಾಡನ್ನು ಆರಿಸಿಕೊಳ್ಳುತ್ತಾಳೆ.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗಿಯರು ಸುಮ್ಮನಾಗಿಬಿಡುತ್ತಿದ್ದರು. ಅಲ್ಲಿ ಗುರುದಕ್ಷಿಣೆ, ಇಲ್ಲಿ ವರದಕ್ಷಿಣೆ. ಎರಡರಲ್ಲೂ ಗಂಡಸರು ಗಂಡಸರೊಡನೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ, ಬೆಲೆ ತೆರುವುದು ಹೆಣ್ಣಿನ ಮೈ. ಹೆರಿಗೆಯ ನೋವನ್ನು ಹತ್ತಿರದಿಂದ ಕಂಡ ಒಬ್ಬ ವೈದ್ಯೆ ಇಡೀ ಮಹಾಭಾರತದಲ್ಲಿ ಈ ಕಥೆಯನ್ನೇ ಆರಿಸಿಕೊಂಡದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಈಗ ನಮ್ಮ ವರ್ತೂರಿಗೆ ಬರೋಣ. ಕೆರೆಯ ನೀರಿನಲ್ಲಿ ಭತ್ತ, ಸೊಪ್ಪು, ತರಕಾರಿ ಬೆಳೆಯುತ್ತಿದ್ದ ಊರು ಇದು. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. ವೈಟ್‌ಫೀಲ್ಡಿನ ಕಂಪನಿಗಳ ಗಾಜಿನ ಕಟ್ಟಡಗಳು ಇಲ್ಲಿಂದ ಕೂಗಳತೆಯಲ್ಲಿವೆ. ನಗರದ ಕೊಳಚೆ ಬೆಳ್ಳಂದೂರು ಕೆರೆ ತುಂಬಿ ನಮ್ಮ ಕೆರೆಗೆ ಹರಿದು, ನೊರೆ ಎದ್ದು ರಸ್ತೆಯ ಮೇಲೆ ಹಾರಾಡಿದ್ದನ್ನು 2015ರ ಸುಮಾರಿನಲ್ಲಿ ದೇಶವೆಲ್ಲ ಟೀವಿಯಲ್ಲಿ ನೋಡಿತು. ಜಮೀನಿಗೆ ಬೆಲೆ ಬಂದಂತೆ ವರದಕ್ಷಿಣೆಗೂ ಬೆಲೆ ಏರಿತು. ಹಿಂದೆ ಸ್ಕೂಟರ್, ವಾಚು ಕೇಳುತ್ತಿದ್ದರು. ಈಗ ಸೈಟು, ಕಾರು, ಫ್ಲಾಟಿನ ಸಾಲದ ಕಂತು. ಹೆಸರು ಮಾತ್ರ ‘ಹುಡುಗಿಗೆ ಅವರು ಪ್ರೀತಿಯಿಂದ ಕೊಟ್ಟದ್ದು’. ಕೇಳುವವರು ಓದಿದವರು, ಒಳ್ಳೆಯ ಸಂಬಳದವರು. ಹುಡುಗಿಯೂ ದುಡಿಯುತ್ತಾಳೆ. ಅವಳ ಎಟಿಎಂ ಕಾರ್ಡು ಮಾತ್ರ ಅವಳ ಬಳಿ ಇರುವುದಿಲ್ಲ.

ಆಸ್ಪತ್ರೆಗಳಿಗೆ ಇಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಮನೆಯವರನ್ನೆಲ್ಲ ಬಲ್ಲ ಮನೆವೈದ್ಯರಿಗೆ. ಹಿಂದೆ ಊರಿಗೊಬ್ಬ ಡಾಕ್ಟರರಿರುತ್ತಿದ್ದರು. ಈ ಹುಡುಗಿ ಮದುವೆಯಾಗಿ ಬಂದಾಗ ಹೇಗಿದ್ದಳು, ಎರಡು ವರ್ಷದಲ್ಲಿ ಹೇಗಾದಳು ಎಂಬುದು ಅವರ ಕಣ್ಣಿಗೆ ಬೀಳುತ್ತಿತ್ತು. ಇವತ್ತು ಗಾರ್ಮೆಂಟ್ ಕೆಲಸದ ಹೆಂಗಸು ಒಂದು ಸಲ ಈ ಕ್ಲಿನಿಕ್ಕು, ಇನ್ನೊಂದು ಸಲ ಆ ಕ್ಲಿನಿಕ್ಕು. ಅಪಾರ್ಟ್‌ಮೆಂಟಿನ ಹೆಂಗಸು ದೊಡ್ಡ ಆಸ್ಪತ್ರೆಯಲ್ಲಿ ಪ್ರತಿ ಸಲವೂ ಹೊಸ ಮುಖ ಕಾಣುತ್ತಾಳೆ. ಒಂದೇ ಮೈಯ ಮೇಲಿನ ಹತ್ತು ಗಾಯಗಳು ಹತ್ತು ಬೇರೆ ಬೇರೆ ಚೀಟಿಗಳಲ್ಲಿ ಹಂಚಿಹೋಗುತ್ತವೆ. ಅವನ್ನು ಕೂಡಿಸಿ ಓದುವವರೇ ಇಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ನೂರಕ್ಕೆ 44. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ನೂರಕ್ಕೆ 21ರ ಆಸುಪಾಸಿನಲ್ಲಿತ್ತು. ಹೇಳುವ ಧೈರ್ಯ ಹೆಚ್ಚಿತೋ, ಹೊಡೆತವೇ ಹೆಚ್ಚಿತೋ ಎಂದು ವಾದ ಮಾಡಬಹುದು. ಹೇಗೆ ನೋಡಿದರೂ, ಡಾಕ್ಟರ ಎದುರು ಕೂತ ಮದುವೆಯಾದ ಹೆಂಗಸರಲ್ಲಿ ಇಂಥವರು ಬೇಕಾದಷ್ಟು ಜನ ಇರುತ್ತಾರೆ.

ಗುರುತುಗಳು ಡಾಕ್ಟರರಿಗೆ ಗೊತ್ತಿರುತ್ತವೆ. ಕೆಲವು ಹೊಸ, ಕೆಲವು ಹಳೆಯ ಕಂದುಗಟ್ಟಿದ ಏಟುಗಳು. ಬಟ್ಟೆ ಮುಚ್ಚುವ ಜಾಗದಲ್ಲೇ ಇರುವ ಗಾಯಗಳು. ಮುಖಕ್ಕೆ ಕೈ ಅಡ್ಡ ಹಿಡಿದಾಗ ಮುಂದೋಳಿಗೆ ಬಿದ್ದ ಪೆಟ್ಟು. ಪೆಟ್ಟಾಗಿ ನಾಲ್ಕು ದಿನದ ಮೇಲೆ ಬರುವುದು. ಹೇಳುವ ಕಥೆಗೂ ಗಾಯಕ್ಕೂ ತಾಳೆಯಾಗದಿರುವುದು. ಗಂಡ ಪಕ್ಕದಿಂದ ಕದಲದಿರುವುದು. ಗೊತ್ತಿದ್ದೂ ಕೆಲವರು ಸುಮ್ಮನಿರುತ್ತಾರೆ. ಪೊಲೀಸ್, ಕೋರ್ಟ್ ಎಂದು ಅಲೆಯಬೇಕಲ್ಲ ಎಂಬ ಭಯ ಒಂದು ಕಡೆ, ಗಂಡ-ಹೆಂಡಿರ ಜಗಳದಲ್ಲಿ ನಾವೇಕೆ ಎಂಬ ಮಾತು ಇನ್ನೊಂದು ಕಡೆ.

ಕಾನೂನು ಹಾಗೆ ಹೇಳುವುದಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಮು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಕಲಮು 1986ರಲ್ಲಿ ಬಂದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 85 ಮತ್ತು 80ನೆಯ ಕಲಮುಗಳಾಗಿವೆ. ಇವು ನಿಮಗೆ ಗೊತ್ತಿರಬಹುದು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಆಸ್ಪತ್ರೆಗಳಿಗೆ ಏನು ಹೇಳುತ್ತದೆ ಎಂಬುದು. ನೊಂದ ಹೆಂಗಸೋ, ಅವಳ ಪರವಾಗಿ ರಕ್ಷಣಾಧಿಕಾರಿಯೋ ಸೇವಾ ಸಂಸ್ಥೆಯೋ ಕೇಳಿಕೊಂಡರೆ ಆ ಕಾಯಿದೆಯ ಕೆಳಗೆ ಬರುವ ವೈದ್ಯಕೀಯ ಕೇಂದ್ರ ಚಿಕಿತ್ಸೆ ಕೊಡಲೇಬೇಕು. ದೂರು ಕೊಟ್ಟಿಲ್ಲ, ವರದಿ ತಂದಿಲ್ಲ ಎಂದು ಹಿಂದಕ್ಕೆ ಕಳಿಸುವಂತಿಲ್ಲ. ಕೌಟುಂಬಿಕ ಘಟನೆಯ ವರದಿ ಆಗಿಲ್ಲದಿದ್ದರೆ ಕೇಂದ್ರದ ಮುಖ್ಯಸ್ಥರೇ ಆ ನಮೂನೆ ತುಂಬಿ ರಕ್ಷಣಾಧಿಕಾರಿಗೆ ಕಳಿಸಬೇಕು. ಪರೀಕ್ಷೆಯ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. ಇದು ನಿಯಮದಲ್ಲೇ ಇದೆ.

ಆ ಒಂದು ಹಾಳೆಯ ಬೆಲೆ ಕೋರ್ಟಿಗೆ ಅಲೆದವರಿಗೆ ಗೊತ್ತು. ಹೊಡೆದದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಾರೆ. ಬಾಗಿಲು ಹಾಕಿಕೊಂಡು ಹೊಡೆದರೆ ಯಾರು ಸಾಕ್ಷಿ? ಅವಳ ಮೈಯೇ ಸಾಕ್ಷಿ. ಆದರೆ ಮೈಯ ಮೇಲಿನ ಗುರುತು ಹದಿನೈದು ದಿನದಲ್ಲಿ ಮಾಯುತ್ತದೆ. ಡಾಕ್ಟರು ಅವತ್ತೇ, ಎಲ್ಲಿ ಗಾಯ, ಎಷ್ಟು ದೊಡ್ಡದು, ಯಾರಿಂದ ಆಯಿತೆಂದು ಅವಳು ಹೇಳಿದಳು ಎಂದು ಬರೆದಿಟ್ಟರೆ ಅದು ಮಾಯುವುದಿಲ್ಲ.

ಹಾಗಾಗಿ ಈ ಸಭೆಯಿಂದ ಕೆಲವು ಕೆಲಸಗಳನ್ನು ಹೊತ್ತು ಹೋಗೋಣ. ನಮ್ಮ ಸುತ್ತಿನ ಡಾಕ್ಟರರಲ್ಲಿ ನಮ್ಮ ಬೇಡಿಕೆ ಮೂರು. ಹೆಂಗಸನ್ನು ಒಬ್ಬಳನ್ನೇ ಒಳಗೆ ಕರೆದು ಕೇಳಿ, ಗಂಡನ ಎದುರು ಕೇಳಬೇಡಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಡಿ. ಅವಳ ಒಪ್ಪಿಗೆಯಿಲ್ಲದೆ ಗಂಡನಿಗೆ ಫೋನ್ ಮಾಡಿ ‘ಬುದ್ಧಿ ಹೇಳಲು’ ಹೋಗಬೇಡಿ, ಅವತ್ತು ರಾತ್ರಿ ಅದರ ಫಲ ಉಣ್ಣುವವಳು ಅವಳು.

ಆಶಾ ಕಾರ್ಯಕರ್ತೆಯರೆ, ಮನೆಯ ಒಳಬಾಗಿಲವರೆಗೂ ಹೋಗುವವರು ಈಗ ನೀವೇ. ಬಸುರಿಯ ತೂಕ ಕೇಳುವಾಗ, ಮಾತ್ರೆ ಕೊಡುವಾಗ, ಊಟ ಮಾಡಿದೆಯಾ, ನಿದ್ದೆ ಬರುತ್ತಾ, ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರಾ ಎಂದೂ ಕೇಳಿ. ಮೊದಲ ಸಲ ಇಲ್ಲ ಎನ್ನುತ್ತಾಳೆ. ಮುಂದಿನ ತಿಂಗಳು ಮತ್ತೆ ಕೇಳಿ. 181 ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ. ಕಾಗದದಲ್ಲಿ ಬರೆದುಕೊಟ್ಟರೆ ಯಾರ ಕೈಗೋ ಸಿಗುತ್ತದೆ.

ಉಳಿದ ಗೆಳತಿಯರೆ, ಆಸ್ಪತ್ರೆಯ ಚೀಟಿಗಳನ್ನು ಎಸೆಯಬೇಡಿ. ತವರಿನಲ್ಲೋ ನಂಬಿಕೆಯ ಗೆಳತಿಯ ಬಳಿಯೋ ಇಡಿ. ‘ಜಾರಿ ಬಿದ್ದೆ’ ಎಂದು ಹೇಳಿಕೊಟ್ಟ ಮಾತನ್ನು ಡಾಕ್ಟರ ಎದುರು ಹೇಳಬೇಡಿ. ನಿಮ್ಮ ಮಗಳೋ ಸೊಸೆಯೋ ಹಾಗೆ ಹೇಳಿದರೆ ನಂಬಿದಂತೆ ನಟಿಸಬೇಡಿ. ಸುಟ್ಟಗಾಯದ ವಾರ್ಡುಗಳ ಹೊರಗೆ ಕೂತು ನಾನು ತಂದೆತಾಯಿಗಳ ಬಾಯಲ್ಲಿ ಕೇಳಿದ ಒಂದೇ ಮಾತು, ‘ನಮಗೆ ಗೊತ್ತಿತ್ತು, ಸರಿಹೋಗುತ್ತದೆ ಅಂದುಕೊಂಡೆವು’. ಸ್ಟೌ ಸಿಡಿದು ಸತ್ತಳೆಂದು ಹೇಳುತ್ತಿದ್ದ ಕಾಲ ಹೋಯಿತು, ಈಗ ನೇಣಿನ ಕಾಲ. ತಂದೆತಾಯಿಯ ಆ ಮಾತು ಮಾತ್ರ ಬದಲಾಗಿಲ್ಲ.

ಕರ್ನಾಟಕ ಲೇಖಕಿಯರ ಸಂಘ ಅನುಪಮಾ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಒಳ್ಳೆಯದು. ನಮ್ಮಿಂದ ಆಗುವ ಗೌರವ ಬೇರೆ ಬಗೆಯದು. ನಿಮ್ಮ ಗುಂಪಿನ ಉಳಿತಾಯದ ಹಣದಲ್ಲಿ ಒಂದು ಸಣ್ಣ ಪೆಟ್ಟಿಗೆ ತೆಗೆದುಕೊಂಡು, ಆರೋಗ್ಯ ಮತ್ತು ಕಾನೂನಿನ ಹತ್ತು ಕನ್ನಡ ಪುಸ್ತಕಗಳನ್ನು ಅದರಲ್ಲಿಡಿ. ಹಳೆಯ ಪುಸ್ತಕಗಳ ಜೊತೆ ಇವತ್ತಿನ ವೈದ್ಯೆಯರು ಬರೆದದ್ದೂ ಇರಲಿ, ಏಕೆಂದರೆ ಚಿಕಿತ್ಸೆ ಬದಲಾಗಿದೆ, ಕಾನೂನು ಬದಲಾಗಿದೆ. ವಾರಕ್ಕೊಂದು ಮಧ್ಯಾಹ್ನ ಓದು ಬಲ್ಲವರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮೊದಲ ವಾರದ ಓದಿಗೆ ಬರಲು ನಾನು ಸಿದ್ಧಳಿದ್ದೇನೆ. ದಿನ ನೀವು ಗೊತ್ತು ಮಾಡಿ.